ದೊರೆಗೆ ಎಷ್ಟು ಮಾರ್ಕ್ಸು?

ಬ್ರಿಟನ್ನಿನಿಂದ ಆಗಾಗ ಒಂದು ಸಮೀಕ್ಷೆ ಬರುತ್ತದೆ. ದೊರೆ ಚಾರ್ಲ್ಸ್ ಅವರನ್ನು ಇಷ್ಟು ಜನ ಮೆಚ್ಚಿದ್ದಾರೆ, ಮಗ ವಿಲಿಯಂ ಅವರನ್ನು ಇನ್ನೂ ಜಾಸ್ತಿ ಮೆಚ್ಚಿದ್ದಾರೆ, ದೊರೆಯ ತಮ್ಮ ಆಂಡ್ರ್ಯೂ ಹೆಸರೆತ್ತಿದರೆ ಮೂಗು ಮುರಿಯುತ್ತಾರೆ. ಸರಿ ಸ್ವಾಮಿ, ಮೆಚ್ಚದಿದ್ದರೆ ಏನು ಮಾಡುತ್ತೀರಿ? ಬಾಡಿಗೆದಾರರನ್ನು ಕೂರಿಸಿಕೊಂಡು ಮನೆ ಓನರಿಗೆ ಎಷ್ಟು ಸ್ಟಾರ್ ಕೊಡ್ತೀರಾ ಎಂದು ಕೇಳಿದ ಹಾಗಾಯ್ತು. ಒಂದೇ ಸ್ಟಾರ್ ಕೊಟ್ಟರೂ ಓನರ್ ಓನರೇ. ಬಾಡಿಗೆಯೇನೂ ಇಳಿಯಲ್ಲ.

ಹಿಂದೆ ಸಮೀಕ್ಷೆ ಸ್ವಲ್ಪ ಖಡಕ್ಕಾಗಿತ್ತು. ಸರದಾರರು ಸೈನ್ಯ ಕಟ್ಟಿಕೊಂಡೇ ಬಂದು ಅಭಿಪ್ರಾಯ ತಿಳಿಸುತ್ತಿದ್ದರು. ಜಾನ್ ದೊರೆ ಎಲ್ಲರ ಹತ್ತಿರ ದುಡ್ಡು ಹಿಂಡಿ, ಫ್ರಾನ್ಸಿನಲ್ಲಿ ಯುದ್ಧ ಸೋತು ಬಂದ. 1215ರ ಜೂನ್ 15ರಂದು ರನ್ನಿಮೀಡ್ ಹುಲ್ಲುಗಾವಲಿನಲ್ಲಿ ಅವನಿಂದ, ದೊರೆಯ ಅಧಿಕಾರಕ್ಕೆ ಮಿತಿ ಹಾಕುವ ಮ್ಯಾಗ್ನಾ ಕಾರ್ಟಾ ಎಂಬ ಸನ್ನದಿಗೆ ಮುದ್ರೆ ಹಾಕಿಸಿಕೊಂಡರು. ಇದನ್ನು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಹತ್ತೇ ವಾರದಲ್ಲಿ ಪೋಪ್ ಅದನ್ನು ರದ್ದು ಮಾಡಿದ್ದನ್ನು ಮೇಷ್ಟ್ರು ಹೇಳಿರಲಿಲ್ಲ. ಆಮೇಲೆ ಇದೇ ಸರದಾರರು ಫ್ರಾನ್ಸಿನ ರಾಜಕುಮಾರನನ್ನೇ ಕರೆದು, ನೀನೇ ಬಂದು ಕೂತ್ಕೋ ಎಂದರು.

ಆದರೆ ಜನಪ್ರಿಯತೆ ಅಳೆಯುವುದಕ್ಕೆ ಸಾವಿನ ಮನೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಇಂಗ್ಲೆಂಡನ್ನು ಗೆದ್ದ ಮೊದಲನೇ ವಿಲಿಯಂ 1087ರಲ್ಲಿ ನಾರ್ಮಂಡಿಯ ರೂಆನ್ ಹತ್ತಿರ ತೀರಿಕೊಂಡ. ಅಲ್ಲಿಯವರೆಗೆ ಕೈಕಟ್ಟಿ ನಿಂತಿದ್ದ ದೊಡ್ಡವರೆಲ್ಲ ಕುದುರೆ ಹತ್ತಿ ಮನೆ ಕಡೆ ಓಡಿದರು. ಆಸ್ತಿ ಕಾಯಬೇಕಲ್ಲ! ಅವರು ಹೋದದ್ದೇ ತಡ, ಆಳುಗಳು ಆಯುಧ, ಪಾತ್ರೆ, ಬಟ್ಟೆಬರೆ ಎಲ್ಲ ಬಾಚಿಕೊಂಡರು. ದೊರೆಯ ಹೆಣ ಹೆಚ್ಚುಕಮ್ಮಿ ಬರಿಮೈಯಲ್ಲಿ ನೆಲದ ಮೇಲೆ ಉಳಿಯಿತು. ಕಾನ್ ಊರಿನ ಚರ್ಚಿನಲ್ಲಿ ಮಣ್ಣು ಮಾಡುವ ಹೊತ್ತಿಗೆ ಒಬ್ಬ ಎದ್ದು ನಿಂತ. ಇದು ನಮ್ಮಪ್ಪನ ಜಾಗ, ಈ ಮನುಷ್ಯ ಕಿತ್ತುಕೊಂಡದ್ದು, ಇಲ್ಲಿ ಹೂಳಲು ಬಿಡಲ್ಲ ಎಂದ. ಹೆಣ ಮುಂದಿಟ್ಟುಕೊಂಡು ಸೈಟು ತಕರಾರು! ವಿಚಾರಿಸಿದರೆ ಅವನು ಹೇಳಿದ್ದು ನಿಜವೇ. ಅಲ್ಲೇ ದುಡ್ಡು ಕೊಟ್ಟು ಕೂರಿಸಿದರು. ಅಷ್ಟಕ್ಕೂ ಮುಗಿಯಲಿಲ್ಲ. ಕಲ್ಲಿನ ಪೆಟ್ಟಿಗೆಯಲ್ಲಿ ಹೆಣ ಹಿಡಿಸಲಿಲ್ಲ. ಒತ್ತಿದರು, ಹೊಟ್ಟೆ ಒಡೆಯಿತು. ಪಾದ್ರಿಗಳು ಮೂಗು ಮುಚ್ಚಿಕೊಂಡು ಗಡಿಬಿಡಿಯಲ್ಲಿ ಪ್ರಾರ್ಥನೆ ಮುಗಿಸಿ ಓಡಿದರು. ಆರ್ಡರಿಕ್ ವಿಟಾಲಿಸ್ ಎಂಬ ಸನ್ಯಾಸಿ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಸ್ವಲ್ಪ ಉಪ್ಪುಖಾರ ಹಚ್ಚಿರಬಹುದು. ಇರಲಿ, ಓದಲು ಚೆನ್ನಾಗಿದೆ.

ಪಾಪ, ಪ್ರಜೆಗಳ ಪ್ರೀತಿಯೇ ಬೇರೆ. 1381ರಲ್ಲಿ ತಲೆಗಂದಾಯದ ಸಿಟ್ಟಿಗೆ ರೈತರು ಲಂಡನ್ನಿಗೆ ನುಗ್ಗಿದರು, ಮಂತ್ರಿಗಳ ತಲೆ ತೆಗೆದರು. ಹದಿನಾಲ್ಕು ವರ್ಷದ ದೊರೆ ಎರಡನೇ ರಿಚರ್ಡ್ ಮೇಲೆ ಮಾತ್ರ ಸಿಟ್ಟಿಲ್ಲ. ರಾಜ ಒಳ್ಳೆಯವನೇ, ಸುತ್ತ ಇರೋರು ಸರಿಯಿಲ್ಲ! ಈ ಡೈಲಾಗು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಿಮ್ಮನ್ನು ಜೀತದಿಂದ ಬಿಡಿಸಿದ್ದೇನೆ ಎಂದು ಹುಡುಗ ಪತ್ರ ಬರೆಸಿ ಕೊಟ್ಟ. ನಂಬಿದವರು ಊರಿಗೆ ಹೊರಟರು. ಮೂರು ವಾರದೊಳಗೆ ಪತ್ರ ರದ್ದು. ಮುಖಂಡರಿಗೆ ಗಲ್ಲು.

ಇನ್ನು 2023ರ ಮೇ 6ರಂದು ನಡೆದ ಚಾರ್ಲ್ಸ್ ಪಟ್ಟಾಭಿಷೇಕ. ಹಿಂದೆಲ್ಲ ಡ್ಯೂಕು, ಅರ್ಲುಗಳು ದೊರೆಯ ಮುಂದೆ ಮಂಡಿಯೂರಿ ನಿಷ್ಠೆ ಹೇಳುತ್ತಿದ್ದರು. ಈ ಸಲ ಅವರನ್ನು ಬಿಟ್ಟು, ವಂಶದ ಪರವಾಗಿ ಮಗ ಒಬ್ಬ ಸಾಕು ಎಂದರು. ಬದಲಿಗೆ ಟೀವಿ ನೋಡುತ್ತಿರುವವರು ಮನೆಯಲ್ಲೇ ಗಟ್ಟಿಯಾಗಿ ಪ್ರಮಾಣ ಮಾಡಿ ಎಂದು ಪಟ್ಟ ಕಟ್ಟುವ ಧರ್ಮಗುರು, ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರ ಕಡೆಯಿಂದ ಕರೆ ಬಂತು. ಎಂಥ ಸಮಾನತೆ ನೋಡಿ! ಸರದಾರರ ಕೆಲಸ ಸೋಫಾದ ಮೇಲಿನವರಿಗೆ ಸಿಕ್ಕಿತು. ಬಾಯಲ್ಲಿ ಟೋಸ್ಟು, ಎದುರಿಗೆ ಟೀವಿ, ನಿಮಗೂ ನಿಮ್ಮ ವಾರಸುದಾರರಿಗೂ ನಿಷ್ಠನಾಗಿರುತ್ತೇನೆ ಎಂಬ ಮಾತು. ಜನ ರೇಗಿದ ಮೇಲೆ, ಇಷ್ಟ ಇದ್ದವರು ಮಾತ್ರ ಎಂದು ತಿದ್ದಿಕೊಂಡರು.

ಅದೇ ಬೆಳಿಗ್ಗೆ, ಇವರು ನನ್ನ ದೊರೆಯಲ್ಲ ಎಂಬ ಫಲಕ ಹಿಡಿಯಲು ಬಂದವರನ್ನು ಲಂಡನ್ ಪೊಲೀಸರು ಎತ್ತಿಹಾಕಿಕೊಂಡು ಹೋದರು. ಫಲಕ ಕಟ್ಟಲು ತಂದಿದ್ದ ಪಟ್ಟಿಗಳು, ಎಲ್ಲಾದರೂ ತಮ್ಮನ್ನೇ ಬಿಗಿದುಕೊಳ್ಳಲು ತಂದ ಸಾಧನವಂತೆ. ಹಾಗೆ ಬಿಗಿದುಕೊಳ್ಳಲು ಸಾಧನ ತರುವುದೇ ಅಪರಾಧ ಎನ್ನುವ ಕಾನೂನು ಜಾರಿಗೆ ಬಂದು ಮೂರೇ ದಿನ ಆಗಿತ್ತು. ರಾತ್ರಿ ಹೊತ್ತು ಹೆಣ್ಣುಮಕ್ಕಳ ಸುರಕ್ಷತೆಗೆ ಅಲಾರಂ ಹಂಚುವ ಸ್ವಯಂಸೇವಕರನ್ನೂ ಬಿಡಲಿಲ್ಲ. ಒಟ್ಟು 64 ಜನ. ಇಲ್ಲಿ ನನಗೆ ನಗು ಬರಲ್ಲ. ಅರಮನೆ ಇದೆ, ಚಿನ್ನದ ಸಾರೋಟು ಇದೆ, ಬೀದಿ ತುಂಬ ಸೈನ್ಯ ಇದೆ. ನಾಲ್ಕು ಜನ ಸುಮ್ನೆ ಬೋರ್ಡು ಹಿಡಿದು ನಿಂತರೆ ಏನು ಮುಳುಗುತ್ತಿತ್ತು? ಫಲಕದವರನ್ನು ಬಿಟ್ಟ ಮೇಲೆ ಪೊಲೀಸರು ವಿಷಾದ ಹೇಳಿದರು. ಮೆರವಣಿಗೆ ಮುಗಿದಿತ್ತು.

ಹಿಡಿದವರಲ್ಲಿ ಆಸ್ಟ್ರೇಲಿಯಾದ ಒಬ್ಬ ಹೆಂಗಸೂ ಇದ್ದರು. ಅವರು ಪ್ರತಿಭಟನೆಗೆ ಬಂದವರಲ್ಲ, ರಾಜಮನೆತನದ ಕಟ್ಟಾ ಅಭಿಮಾನಿ. ದೊರೆಯನ್ನು ಕಣ್ಣಾರೆ ನೋಡಲು ಬಂದು, ಗೊತ್ತಿಲ್ಲದೆ ಪ್ರತಿಭಟನೆಯವರ ಪಕ್ಕ ನಿಂತಿದ್ದೇ ತಪ್ಪಾಯಿತು. ಹದಿಮೂರು ಗಂಟೆ ಪೊಲೀಸರ ವಶದಲ್ಲಿದ್ದರು. ಸಮೀಕ್ಷೆಯವರೇ, ಅವರನ್ನು ಯಾವ ಕಾಲಮ್ಮಿಗೆ ಸೇರಿಸ್ತೀರಿ?