ಸ್ಪಷ್ಟನೆ: 7-1ರ ಸೋಲು ಒಲಿಂಪಿಕ್ಸ್‌ನದ್ದಲ್ಲ

ಮೈಸೂರಿನ ನಮ್ಮ ವಾಕಿಂಗ್ ಗೆಳೆಯರ ಗುಂಪಿನಲ್ಲಿ ಒಂದು ವಾಟ್ಸ್‌ಆ್ಯಪ್ ಸಂದೇಶ ಓಡಾಡುತ್ತಿದೆ: 1982ರ ಒಲಿಂಪಿಕ್ಸ್ ಹಾಕಿ ಫೈನಲ್‌ನಲ್ಲಿ ಪಾಕಿಸ್ತಾನ ನಮ್ಮನ್ನು 7-1ರಿಂದ ಸೋಲಿಸಿತು, ನಮ್ಮ ಗೋಲ್‌ಕೀಪರ್ ದುಡ್ಡು ತಗೊಂಡಿದ್ದ ಅಂತ.

ಆ ವರ್ಷ ಒಲಿಂಪಿಕ್ಸೇ ಇರಲಿಲ್ಲ. ಅದು ದೆಹಲಿಯ ಏಷ್ಯನ್ ಗೇಮ್ಸ್ ಫೈನಲ್. ಅಂಕಿ ಮಾತ್ರ ನಿಜ, ಏನು ಮಾಡೋದು! ಅಗ್ರಹಾರದ ಮನೆಯಲ್ಲಿ ರೇಡಿಯೊ ಸುತ್ತ ಕೂತಿದ್ದೆವು. ಮೊದಲ ಗೋಲು ನಮ್ಮದೇ ಅಂತ ಕುಣಿದೆವು. ನಾಲ್ಕನೆಯದು ನಮಗೆ ಬಿದ್ದಾಗ ಅಪ್ಪ ಎದ್ದು ರೇಡಿಯೊ ಆರಿಸಿ, ಸುಮ್ನೆ ಅಂಗಳಕ್ಕೆ ಹೋಗಿ ನಿಂತರು. ಅದೇ ಕೂಟದಲ್ಲಿ ನಮ್ಮ ಹೆಣ್ಣುಮಕ್ಕಳು ಹಾಕಿ ಚಿನ್ನ ಗೆದ್ದಿದ್ದರು. ಅದನ್ನು ಯಾರೂ ಫಾರ್ವರ್ಡ್ ಮಾಡೋದಿಲ್ಲ, ಅಲ್ವಾ?

ಗೋಲ್‌ಕೀಪರ್ ಮೀರ್ ರಂಜನ್ ನೇಗಿ ಮೇಲಿನ ದುಡ್ಡಿನ ಆರೋಪ ಯಾವತ್ತೂ ಸಾಬೀತಾಗಲಿಲ್ಲ. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡಕ್ಕೆ ಅವರೇ ಗೋಲ್‌ಕೀಪಿಂಗ್ ಕೋಚ್ ಆಗಿದ್ದರು.

ಒಲಿಂಪಿಕ್ಸ್ ಫೈನಲ್‌ನಲ್ಲಿ ಪಾಕಿಸ್ತಾನಕ್ಕೆ ನಾವು ಸೋತದ್ದು 1960ರಲ್ಲಿ, ರೋಮ್‌ನಲ್ಲಿ, 1-0. ನಾಲ್ಕು ವರ್ಷಕ್ಕೆ ಟೋಕಿಯೊದಲ್ಲಿ ಅಷ್ಟೇ ಅಂತರದಲ್ಲಿ ತೀರಿಸಿಕೊಂಡೆವು. ಇನ್ನು 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಾವು ಅವರ ಮೇಲೆ ಹಾಕಿದ್ದು 10-2. ಅಪ್ಪ ಇದ್ದಿದ್ದರೆ ಆವತ್ತು ಟಿವಿ ಆರಿಸುತ್ತಿರಲಿಲ್ಲ.