ಎಡಿಟರ್ ಒಂದು ಹೇಳುತ್ತದೆ, ಕಮಾಂಡ್ ಇನ್ನೊಂದು ಹೇಳುತ್ತದೆ

ಕಳೆದ ವಾರ ಒಂದು ಸಂಜೆ, ಮಂಗಳೂರಿನ ಬಿಜೈಯ ನಮ್ಮ ಆಫೀಸಿನಲ್ಲಿ ಮಳೆ ಸ್ವಲ್ಪ ಬಿಡಲಿ ಅಂತ ಕಾಯುತ್ತಾ ಕೂತಿದ್ದೆವು. ಈ ವರ್ಷ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಎತ್ತಿಕೊಂಡು ನನ್ನ ಮೇಜಿನ ಹತ್ತಿರ ಬಂದಳು. "ಅಣ್ಣ, ನೋಡಿ, ನನ್ನಲ್ಲಿ ಎಂತದೂ ಕೆಂಪು ಗೆರೆ ಇಲ್ಲ. ಸರ್ವರ್‌ಗೆ ಪುಷ್ ಮಾಡಿದ್ರೆ ಮಾತ್ರ ಅಲ್ಲಿ ಫೇಲ್ ಆಗ್ತಾ ಉಂಟು. ಇದು ಮೂರನೇ ಸಲ."

ಕೋಡ್ ನೋಡಿದೆ. ಟೈಪ್‌ಸ್ಕ್ರಿಪ್ಟ್, ಅಂದರೆ ಯಾವ ಮೌಲ್ಯ ಯಾವ ಬಗೆಯದು (ಟೈಪ್) ಅಂತ ಓಡಿಸುವ ಮೊದಲೇ ಚೆಕ್ ಮಾಡುವ ಜಾವಾಸ್ಕ್ರಿಪ್ಟ್. ಬಿಲ್‌ನ ಸಾಲುಗಳ ಒಂದು ಪಟ್ಟಿ, ಕೆಲವಕ್ಕೆ ಬೆಲೆ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಅವಳು ಫಿಲ್ಟರ್ ಹಾಕಿ ಅನ್‌ಡಿಫೈನ್ಡ್ (ಬೆಲೆಯೇ ಇಲ್ಲ) ಇದ್ದದ್ದನ್ನೆಲ್ಲ ತೆಗೆದು, ಉಳಿದ ಬೆಲೆಗಳನ್ನು ಕೂಡಿಸಿದ್ದಳು. ಸರಿಯಾದ ಕೋಡ್. ಅವಳ ಎಡಿಟರ್ ಕೂಡ ಸರಿ ಅಂದಿತ್ತು. ಸರ್ವರ್‌ನಲ್ಲಿ ಓಡುವ ಟಿಎಸ್‌ಸಿ (ಟೈಪ್‌ಸ್ಕ್ರಿಪ್ಟ್ ಕೋಡನ್ನು ಚೆಕ್ ಮಾಡುವ ಕಮಾಂಡ್) ಮಾತ್ರ, ಇದರಲ್ಲಿ ಇನ್ನೂ ಅನ್‌ಡಿಫೈನ್ಡ್ ಇರಬಹುದು, ಕೂಡಿಸಬೇಡ ಅನ್ನುತ್ತಿತ್ತು.

ಕಾರಣ ಹುಡುಕಲು ಅರ್ಧ ಗಂಟೆ ಹಿಡಿಯಿತು. ಅವಳ ಎಡಿಟರ್ ವಿಎಸ್ ಕೋಡ್ ತನ್ನದೇ ಒಂದು ಟೈಪ್‌ಸ್ಕ್ರಿಪ್ಟನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಬರುತ್ತದೆ. ನಾವು ಬೇರೆ ಹೇಳದಿದ್ದರೆ ಕೆಂಪು ಗೆರೆ ಎಳೆಯುವುದು ಅದೇ. ಪ್ರಾಜೆಕ್ಟ್‌ಗೆ ಬೇಕಾದ ಲೈಬ್ರರಿಗಳು ಇರುವ ನೋಡ್ ಮಾಡ್ಯೂಲ್ಸ್ ಫೋಲ್ಡರ್‌ನಲ್ಲಿ ಇರುವುದು ಬೇರೆ, ಸರ್ವರ್‌ನಲ್ಲಿ ಓಡುವುದು ಅದು. ನಮ್ಮ ಪ್ರಾಜೆಕ್ಟ್‌ನದ್ದು 5.3 ಆವೃತ್ತಿ. ಹೀಗೆ ಫಿಲ್ಟರ್ ಮಾಡಿದ ಮೇಲೆ ಪಟ್ಟಿಯಲ್ಲಿ ಅನ್‌ಡಿಫೈನ್ಡ್ ಉಳಿದಿಲ್ಲ ಅಂತ ಟೈಪ್‌ಸ್ಕ್ರಿಪ್ಟ್ ತಾನಾಗಿಯೇ ಅರ್ಥ ಮಾಡಿಕೊಳ್ಳಲು ಶುರು ಮಾಡಿದ್ದು 2024ರ ಜೂನ್‌ನಲ್ಲಿ ಬಂದ 5.5ರಿಂದ. ಅವಳ ಎಡಿಟರ್ ಹೊಸದು, ಅದಕ್ಕೆ ಇದು ಗೊತ್ತಿತ್ತು. ಸರ್ವರ್‌ನಲ್ಲಿದ್ದ ಹಳೆಯದಕ್ಕೆ ಗೊತ್ತಿರಲಿಲ್ಲ. ಟೈಪ್‌ಸ್ಕ್ರಿಪ್ಟ್‌ನಲ್ಲಿ ಚುಕ್ಕೆಯ ನಂತರದ ಅಂಕಿ ಬದಲಾದರೂ ಹೊಸ ತಪ್ಪುಗಳು ಬರಬಹುದು, ಹಳೆಯವು ಹೋಗಬಹುದು. ಇದು ಸುಮಾರು ಜನರಿಗೆ ಗೊತ್ತಿರುವುದಿಲ್ಲ.

ನನಗೆ ನಿಜವಾಗಿ ಬೇಜಾರಾದದ್ದು ಅದಲ್ಲ. ಎರಡು ಸಲ ಫೇಲ್ ಆದ ಮೇಲೆ ಅವಳು ಆ ಸಾಲಿನಲ್ಲಿ "ಆಸ್ ಎನಿ" (ಇದರ ಟೈಪ್ ನೋಡಬೇಡ ಅನ್ನುವ ಮಾತು) ಅಂತ ಹಾಕಿ ಬಾಯಿ ಮುಚ್ಚಿಸಲು ನೋಡಿದ್ದಳು. ಅವಳನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಎರಡು ಕಡೆಯಿಂದ ಎರಡು ತೀರ್ಪು ಬಂದರೆ ಹೊಸಬರು ಇನ್ನೆಂತ ಮಾಡಬೇಕು? ಕೆಂಪು ಗೆರೆಯ ಮೇಲಿನ ನಂಬಿಕೆ ಒಮ್ಮೆ ಹೋಯಿತೆಂದರೆ, ನಾಳೆ ನಿಜವಾದ ತಪ್ಪು ಬಂದಾಗಲೂ ಅದನ್ನು ಯಾರೂ ನೋಡುವುದಿಲ್ಲ.

ನನ್ನ ಅಮ್ಮ ಶಂಕರಪುರದ ಹತ್ತಿರ ಮಲ್ಲಿಗೆ ಬೆಳೆಯುತ್ತಾರೆ. ಬೆಳಿಗ್ಗೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ಕೊಡುತ್ತಾರೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಟ್ಟೆಗೆ ಇವತ್ತು ಎಷ್ಟು ಅನ್ನುವುದು ಕಟ್ಟೆಯಲ್ಲಿ, ಅಂದರೆ ಹೂ ಕೊಳ್ಳುವ ಜಾಗದಲ್ಲಿ, ತೀರ್ಮಾನ ಆಗುತ್ತದೆ. ಅಮ್ಮ ಮನೆಯಲ್ಲಿ ಕೂತು ತನ್ನದೊಂದು ದರ, ಪಕ್ಕದ ಮನೆಯ ಅಕ್ಕ ಅವರದೊಂದು ದರ ಅಂತ ಬರೆದಿಟ್ಟುಕೊಂಡರೆ ಲೆಕ್ಕ ಯಾವತ್ತಾದರೂ ತಾಳೆ ಆಗುತ್ತದಾ? ಟೈಪ್ ಚೆಕ್ಕಿಗೂ ಅಂಥ ಒಂದು ಕಟ್ಟೆ ಬೇಕು ಅನ್ನುವುದೇ ನನ್ನ ವಾದ. ಆ ಕಟ್ಟೆ ಪ್ರಾಜೆಕ್ಟ್‌ನ ಫೋಲ್ಡರ್ ಒಳಗೇ ಇರಬೇಕು, ಎಲ್ಲರೂ ಕೋಡ್ ಹಂಚಿಕೊಳ್ಳುವ ಗಿಟ್‌ನಲ್ಲಿ ಇರಬೇಕು. ನನ್ನ ಲ್ಯಾಪ್‌ಟಾಪಿನ ಸೆಟ್ಟಿಂಗ್ಸ್‌ನಲ್ಲಿ ಅಲ್ಲ.

ಟೈಪ್‌ಸ್ಕ್ರಿಪ್ಟ್‌ಗೆ ಇದು ದೊಡ್ಡ ಕೆಲಸವೇ ಅಲ್ಲ. ವಿಎಸ್ ಕೋಡ್‌ನ ಸೆಟ್ಟಿಂಗ್ಸ್ ಫೈಲನ್ನು ಪ್ರಾಜೆಕ್ಟ್ ಜೊತೆಗೇ ಇಟ್ಟು, ಟೈಪ್‌ಸ್ಕ್ರಿಪ್ಟ್ ಟಿಎಸ್‌ಡಿಕೆ ಅನ್ನುವ ಸಾಲಿನಲ್ಲಿ ನೋಡ್ ಮಾಡ್ಯೂಲ್ಸ್ ಒಳಗಿನ ದಾರಿ ಕೊಡಿ. ಆಮೇಲೆ ಪ್ರತಿಯೊಬ್ಬರೂ ಒಂದು ಸಲ "ಯೂಸ್ ವರ್ಕ್‌ಸ್ಪೇಸ್ ವರ್ಷನ್" ಆರಿಸಬೇಕು. ಪ್ರಾಜೆಕ್ಟ್ ಒಳಗಿನ ಕೋಡನ್ನು ಓಡಿಸುವುದರಿಂದ ಎಡಿಟರ್ ಅನುಮತಿ ಕೇಳುತ್ತದೆ, ಅದು ಒಳ್ಳೆಯದೇ.

ಇನ್ನೊಂದು ಗುಂಡಿ ಉಂಟು, ಮಣಿಪಾಲದ ನನ್ನ ಗೆಳೆಯ ಎರಡು ದಿನ ಅದರಲ್ಲಿ ಬಿದ್ದಿದ್ದ. ಒಂದೇ ಫೈಲ್ ಚೆಕ್ ಮಾಡುವ ಅಂತ ಟಿಎಸ್‌ಸಿ ಮುಂದೆ ಫೈಲ್ ಹೆಸರು ಬರೆದು ಎಂಟರ್ ಒತ್ತುತ್ತಿದ್ದ. 5ರ ಸರಣಿಯಲ್ಲಿ ಹಾಗೆ ಹೆಸರು ಕೊಟ್ಟರೆ ಅದು ಪ್ರಾಜೆಕ್ಟ್‌ನ ಚೆಕ್ ನಿಯಮಗಳನ್ನು ಬರೆದಿಡುವ ಟಿಎಸ್‌ಕಾನ್ಫಿಗ್ ಫೈಲನ್ನು ಓದುವುದೇ ಇಲ್ಲ. ಸ್ಟ್ರಿಕ್ಟ್ (ಬಿಗಿಯಾಗಿ ಚೆಕ್ ಮಾಡು) ಅಂತ ಅದರಲ್ಲಿ ಬರೆದದ್ದು ಎಲ್ಲ ಬಿಟ್ಟುಹೋಗುತ್ತದೆ, ಎಡಿಟರ್ ಮಾತ್ರ ಅದೇ ಫೈಲನ್ನು ನಂಬಿಕೊಂಡು ಕೆಂಪು ಗೆರೆ ಎಳೆಯುತ್ತಿರುತ್ತದೆ. ಫೈಲ್ ಹೆಸರು ಕೊಡದೆ, ನೋ ಎಮಿಟ್ (ಔಟ್‌ಪುಟ್ ಫೈಲ್ ಬರೆಯಬೇಡ) ಹಾಕಿ ಇಡೀ ಪ್ರಾಜೆಕ್ಟನ್ನೇ ಚೆಕ್ ಮಾಡಿ. ಹೇಗೂ ಅದು ಬೇಕೇ ಬೇಕು. ಎಡಿಟರ್ ಸಾಮಾನ್ಯವಾಗಿ ತೆರೆದಿಟ್ಟ ಫೈಲ್‌ಗಳ ತಪ್ಪನ್ನಷ್ಟೇ ತೋರಿಸುತ್ತದೆ. ನೀವು ಇಲ್ಲಿ ಒಂದು ಟೈಪ್ ಬದಲಿಸಿ, ಮುಚ್ಚಿಟ್ಟ ಐದು ಫೈಲ್ ಅಲ್ಲಿ ಮುರಿದಿದ್ದರೆ ಗೊತ್ತೇ ಆಗುವುದಿಲ್ಲ.

ಪೈಥಾನ್‌ನಲ್ಲಿ ಗೊಂದಲ ಇನ್ನೂ ಜಾಸ್ತಿ. ಅಲ್ಲಿ ಆವೃತ್ತಿ ಮಾತ್ರ ಅಲ್ಲ, ಚೆಕ್ ಮಾಡುವವರೇ ಬೇರೆ ಬೇರೆ. ವಿಎಸ್ ಕೋಡ್‌ನಲ್ಲಿ ಪೈಲ್ಯಾನ್ಸ್ ಇರುತ್ತದೆ, ಅದರ ಒಳಗೆ ಕೆಲಸ ಮಾಡುವುದು ಪೈರೈಟ್. ಕಮಾಂಡ್ ಲೈನ್‌ನಲ್ಲಿ ಹಲವು ತಂಡಗಳು ಓಡಿಸುವುದು ಮೈಪೈ. ಟೈಪ್ ಬರೆಯದ ಫಂಕ್ಷನ್‌ನ ಒಳಗನ್ನು ಮೈಪೈ ತಾನಾಗಿ ನೋಡುವುದಿಲ್ಲ, ಪೈರೈಟ್ ನೋಡುತ್ತದೆ, ಏನು ವಾಪಸ್ ಬರುತ್ತದೆ ಅಂತಲೂ ಊಹಿಸುತ್ತದೆ. ಇಬ್ಬರೂ ಒಂದೇ ಮಾತು ಹೇಳಬೇಕು ಅಂತ ಕಾಯುವುದರಲ್ಲಿ ಅರ್ಥ ಇಲ್ಲ. ಒಂದನ್ನು ಆರಿಸಿ, ಅದರ ಮಾತೇ ಕೊನೆಯ ಮಾತು ಅಂತ ಇಟ್ಟುಕೊಳ್ಳಿ. ಮೈಪೈ ಅಂತಾದರೆ ಎಡಿಟರ್‌ಗೂ ಮೈಪೈ ಎಕ್ಸ್‌ಟೆನ್ಷನ್ ಹಾಕಿ, ಅದು ತನ್ನೊಳಗಿನ ಮೈಪೈ ಬಿಟ್ಟು ನಿಮ್ಮ ವೆನ್ವ್‌ನಲ್ಲಿ (ಪ್ರಾಜೆಕ್ಟ್‌ನದೇ ಪೈಥಾನ್ ಪರಿಸರ) ಇರುವುದನ್ನೇ ಬಳಸುವಂತೆ ಇಂಪೋರ್ಟ್ ಸ್ಟ್ರ್ಯಾಟಜಿ ಅನ್ನುವ ಸೆಟ್ಟಿಂಗ್ ಬದಲಿಸಿ. ಪ್ರಿಕಮಿಟ್‌ನಲ್ಲಿ (ಕಮಿಟ್ ಮಾಡುವ ಮೊದಲು ತಾನಾಗಿ ಚೆಕ್ ಓಡಿಸುವ ಸಲಕರಣೆ) ಓಡಿಸುವವರು ಇನ್ನೊಂದು ವಿಷಯ ನೋಡಬೇಕು. ಅದು ಸಾಮಾನ್ಯವಾಗಿ ಬೇರೆಯೇ ಒಂದು ಪರಿಸರ ಕಟ್ಟಿಕೊಂಡು ಮೈಪೈ ಓಡಿಸುತ್ತದೆ, ನಿಮ್ಮ ಲೈಬ್ರರಿಗಳು ಅಲ್ಲಿ ಇರುವುದಿಲ್ಲ. ಅವುಗಳಿಂದ ಬಂದದ್ದೆಲ್ಲ ಎನಿ ಆಗಿಬಿಟ್ಟು ತಪ್ಪುಗಳು ಹಾಗೇ ದಾಟಿಹೋಗುತ್ತವೆ.

"ಹೇಗೂ ಸಿಐ ಹಿಡಿಯುತ್ತದಲ್ವಾ, ಎಡಿಟರ್ ಹೇಗಿದ್ದರೆ ಎಂತ?" ಅಂತ ಕೇಳುವ ಹಿರಿಯರು ನಮ್ಮಲ್ಲೂ ಇದ್ದಾರೆ. ಸಿಐ ಅಂದರೆ ಪುಷ್ ಮಾಡಿದ ಮೇಲೆ ಸರ್ವರ್‌ನಲ್ಲಿ ತಾನಾಗಿ ಓಡುವ ಚೆಕ್. ಅವರ ಮಾತಿನಲ್ಲಿ ಅರ್ಧ ಸತ್ಯ ಉಂಟು. ಕೊನೆಯ ಬಾಗಿಲು ಸಿಐಯೇ. ಆದರೆ ಕೈ ಕೀಬೋರ್ಡ್ ಮೇಲೆ ಇರುವಾಗ ಸಿಕ್ಕ ತಪ್ಪನ್ನು ತಿದ್ದಲು ಹತ್ತು ಸೆಕೆಂಡ್ ಸಾಕು. ಅದೇ ತಪ್ಪು ಪುಷ್ ಮಾಡಿ, ಚಾ ಕುಡಿದು, ಬೇರೆ ಕೆಲಸ ಹಿಡಿದ ಮೇಲೆ ಬಂದರೆ, ಬಿಟ್ಟ ಕೆಲಸವನ್ನು ಮತ್ತೆ ತಲೆಗೆ ತಂದುಕೊಳ್ಳುವುದಕ್ಕೇ ಹೊತ್ತು ಬೇಕು. ಇದರ ಕಷ್ಟ ಜಾಸ್ತಿ ಬೀಳುವುದು ಹೊಸಬರ ಮೇಲೆ. ಹತ್ತು ವರ್ಷ ಕೆಲಸ ಮಾಡಿದವರು "ಓ, ವರ್ಷನ್ ಬೇರೆ ಇರಬೇಕು" ಅಂತ ಊಹಿಸುತ್ತಾರೆ. ಹೊಸಬರು ತಮಗೆ ಕೋಡ್ ಬರೆಯಲು ಬರುವುದಿಲ್ಲ ಅಂತ ತಿಳಿದುಕೊಳ್ಳುತ್ತಾರೆ. ಆ ಸಂಜೆ ಅವಳ ಮುಖದಲ್ಲಿ ನಾನು ನೋಡಿದ್ದು ಅದನ್ನೇ.

ಎಲ್ಲರೂ ಒಂದೇ ಎಡಿಟರ್ ಬಳಸಬೇಕು ಅಂತ ನಾನು ಹೇಳುತ್ತಿಲ್ಲ. ನಮ್ಮ ತಂಡದಲ್ಲಿ ಒಬ್ಬರು ನಿಯೋವಿಮ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲ, ಮುಟ್ಟಬೇಕಾಗಿಯೂ ಇಲ್ಲ. ಅವರದ್ದೂ ಅದೇ ಟಿಎಸ್‌ಕಾನ್ಫಿಗ್, ಅದೇ ಆವೃತ್ತಿ ನೋಡಿದರೆ ಸಾಕು.

ಮರುದಿನ ಬೆಳಿಗ್ಗೆ ಅವಳೇ ಆ ಸೆಟ್ಟಿಂಗ್ಸ್ ಫೈಲ್ ಹಾಕಿ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸಿದಳು. ಎಡಿಟರ್‌ನಲ್ಲೂ ಈಗ ಅದೇ ಕೆಂಪು ಗೆರೆ ಬಂದಿತ್ತು. ಟೈಪ್‌ಸ್ಕ್ರಿಪ್ಟ್ ಆವೃತ್ತಿ ಮೇಲೇರಿಸುವುದಕ್ಕೆ ಬೇರೆಯದೇ ಪುಲ್ ರಿಕ್ವೆಸ್ಟ್ ಮಾಡಿದಳು, ಅದು ಒಳಗೆ ಹೋದ ಮೇಲೆ ಫಿಲ್ಟರ್‌ನ ಸಾಲು ಎರಡೂ ಕಡೆ ಪಾಸಾಯಿತು. "ಆಸ್ ಎನಿ" ತೆಗೆದು ಹಾಕಿದಳು. ಪೈಥಾನ್ ಪ್ರಾಜೆಕ್ಟ್ ಇನ್ನೂ ಬಾಕಿ ಉಂಟು, ಶನಿವಾರ ಇಬ್ಬರೂ ಕೂತು ಮಾಡುವುದು ಅಂತ ಆಗಿದೆ.