ಹಿತ್ತಾಳೆಯಲ್ಲದ ಕಿವಿ

ಕನ್ನಡದಲ್ಲಿ ಕಿವಿಗೆ ಇರುವಷ್ಟು ನುಡಿಗಟ್ಟುಗಳು ಭುಜಕ್ಕಾಗಲಿ ಮೊಣಕಾಲಿಗಾಗಲಿ ಇಲ್ಲ. ಕಿವಿ ಹಿಂಡುತ್ತೇವೆ, ಕಿವಿಗೊಡುತ್ತೇವೆ, ಕಿವಿ ಕಚ್ಚುತ್ತೇವೆ, ಕಿವಿಯ ಮೇಲೆ ಹೂವಿಡುತ್ತೇವೆ. ಈ ಮಾತುಗಳನ್ನು ಕಟ್ಟಿದವರು ಯಾರೂ ಕಿವಿಯ ಒಳಗೆ ಇಣುಕಿದವರಲ್ಲವಾದ್ದರಿಂದ, ಅವರ ಮಾತಿಗೂ ಕಿವಿಯ ರಚನೆಗೂ ಎಷ್ಟರಮಟ್ಟಿಗೆ ತಾಳೆಯಾಗುತ್ತದೆಂದು ನೋಡುವ ಚಪಲ ನನಗೆ ಬಹಳ ದಿನಗಳಿಂದ ಇತ್ತು.

ಮೇಷ್ಟರು ಹಿಂಡುತ್ತಿದ್ದದ್ದು ಕಿವಿಯ ಹೊರಜಗಲಿಯನ್ನು ಮಾತ್ರ. ಮೃದ್ವಸ್ಥಿಯ ಆ ಹಾಲೆಯ ಮಡಿಕೆಗಳು ಸದ್ದು ಮೇಲಿನಿಂದ ಬಂತೋ ಕೆಳಗಿನಿಂದ ಬಂತೋ ಎಂದು ಗುರುತಿಸಲು ನೆರವಾಗುತ್ತವೆ. ಕೆಳಗೆ ಜೋಲುವ ತುದಿಯಲ್ಲಿ ಮೃದ್ವಸ್ಥಿಯೂ ಇಲ್ಲದಿರುವುದರಿಂದ ಅಕ್ಕಸಾಲಿಗರು ಚುಚ್ಚಲು ಅದನ್ನೇ ಆರಿಸಿಕೊಂಡರು. ಅಲ್ಲಿಂದ ಸುಮಾರು 2.5 ಸೆಂಟಿಮೀಟರ್ ಉದ್ದದ ನಾಳವನ್ನು ದಾಟಿದರೆ ತೆಳು ಪೊರೆಯ ತಮಟೆ ಸಿಗುತ್ತದೆ. ನಾಳದ ಗುಗ್ಗೆ ಸಾಮಾನ್ಯವಾಗಿ ತಾನಾಗಿಯೇ ಹೊರಕ್ಕೆ ಸರಿಯುತ್ತದೆ. ಬೆಂಕಿಕಡ್ಡಿ ಹಿಡಿದು ನಾವು ಮಾಡುವ ಸೇವೆಯೆಲ್ಲ ಅದನ್ನು ಒಳಕ್ಕೆ ನೂಕುವುದರಲ್ಲಿ ಮುಗಿಯುತ್ತದೆ.

ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವುದಂತೂ ಆಗದ ಮಾತು, ಏಕೆಂದರೆ ಎರಡರ ನಡುವೆ ಅಂಥ ನೇರ ಓಣಿಯಿಲ್ಲ. ಇರುವ ದಾರಿ ತಮಟೆಯ ಹಿಂದಿನ ಕೋಣೆಯಿಂದ ಗಂಟಲಿಗೆ ಹೋಗುತ್ತದೆ. ಆಗುಂಬೆ ಘಾಟಿ ಇಳಿಯುವಾಗ ಕಟ್ಟಿಕೊಂಡ ಕಿವಿ ಉಗುಳು ನುಂಗಿದೊಡನೆ ಬಿಟ್ಟುಕೊಳ್ಳುವುದು, ಈ ದಾರಿ ತೆರೆದು ಒಳಗಿನ ಗಾಳಿಯ ಒತ್ತಡ ಹೊರಗಿನದಕ್ಕೆ ಸರಿಸಮವಾಗುವುದರಿಂದ. ಕೆಲವರಿಗೆ ಕೇಳಿದ್ದೆಲ್ಲ ಕೂಡಲೇ ಬಾಯಿಗೆ ಬರುವುದಕ್ಕೂ ಇದೇ ಕಾರಣವಿರಬೇಕೆಂಬ ಅನುಮಾನ ನನ್ನದು, ವೈದ್ಯರು ಒಪ್ಪಲಾರರು.

ಜಾಣಕಿವುಡು ಎಂಬ ಮಾತು ಮಾತ್ರ ರಚನೆಗೆ ಚೆನ್ನಾಗಿ ಹೊಂದುತ್ತದೆ. ಅದೇ ಕೋಣೆಯಲ್ಲಿ ಸುತ್ತಿಗೆ, ಅಡಿಗಲ್ಲು, ಕುದುರೆ ಸವಾರ ಕಾಲಿಡುವ ರಿಕಾಪು ಎಂಬ ಹೆಸರಿನ ಮೂರು ಮೂಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ತಮಟೆಯ ನಡುಕವನ್ನು ಒಳಕಿವಿಗೆ ದಾಟಿಸುತ್ತವೆ. ದೇಹದ ಅತಿ ಚಿಕ್ಕ ಮೂಳೆಯಾದ ರಿಕಾಪಿನ ಎತ್ತರ ಸುಮಾರು 3 ಮಿಲಿಮೀಟರ್. ಅದನ್ನು ಹಿಡಿದೆಳೆಯುವ ಸ್ನಾಯು ನಾವು ಮಾತಿಗೆ ಬಾಯಿ ತೆರೆಯುವ ಹೊತ್ತಿಗೇ ಬಿಗಿದುಕೊಂಡು, ನಮ್ಮ ಗಂಟಲಿನ ಅಬ್ಬರ ನಮಗೆ ತಗ್ಗಿ ಕೇಳುವಂತೆ ಮಾಡುತ್ತದೆ. ಎದುರು ಕುಳಿತವರಿಗೆ ಅಂಥ ಮುನ್ಸೂಚನೆ ಇರುವುದಿಲ್ಲ. ದೀಪಾವಳಿಯ ಪಟಾಕಿಗೂ ಅದು ಬಿಗಿಯುತ್ತದೆ, ಆದರೆ ಸದ್ದು ಒಳಹೊಕ್ಕ ಮೇಲೆ.

ಚಾಡಿ ನಂಬುವವರಿಗೆ ಅಂಟಿಸುವ ಹಿತ್ತಾಳೆ ಕಿವಿಯೆಂಬ ಹೆಸರು ಎಲ್ಲಕ್ಕಿಂತ ದೊಡ್ಡ ತಪ್ಪು. ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡ, ದ್ರವ ತುಂಬಿದ ಒಳಕಿವಿಯಲ್ಲಿ ಸದ್ದನ್ನು ಗ್ರಹಿಸುವ ಸುಮಾರು 15,000 ರೋಮಕೋಶಗಳು ಸಾಲಾಗಿ ನಿಂತಿವೆ. ಕೀರಲು ಸದ್ದಿಗೆ ಓಗೊಡುವವು ರಿಕಾಪು ಬಡಿಯುವ ಬಾಗಿಲ ಬಳಿ, ಮಂದ್ರಕ್ಕೆ ಓಗೊಡುವವು ಸುರುಳಿಯ ತುದಿಯಲ್ಲಿ. ಯಾವ ಸದ್ದಿಗೆ ಅಲೆ ಎಲ್ಲಿ ಉಬ್ಬುತ್ತದೆಂದು ಕಂಡುಕೊಂಡದ್ದಕ್ಕಾಗಿ ಬೆಕೆಶಿಗೆ 1961ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಬಂತು. ಆತ ಹಂಗೆರಿಯ ಅಂಚೆ ಇಲಾಖೆಯಲ್ಲಿ ಟೆಲಿಫೋನಿನ ತೊಡಕುಗಳ ಬೆನ್ನು ಹತ್ತಿದ್ದ ಭೌತವಿಜ್ಞಾನಿ. ಹಿತ್ತಾಳೆ ಮಂಕಾದರೆ ಹುಣಸೆಹಣ್ಣು ಹಚ್ಚಿ ತಿಕ್ಕಬಹುದು. ಈ ಕೋಶಗಳು ಒಮ್ಮೆ ಹೋದರೆ ಮತ್ತೆ ಹುಟ್ಟುವುದಿಲ್ಲ, ವಯಸ್ಸಾದಂತೆ ಮೊದಲು ಸೋಲುವವೂ ಬಾಗಿಲ ಬಳಿಯವೇ.

ಸ, ಶ, ತ ಮೊದಲಾದ ವ್ಯಂಜನಗಳ ಗುರುತಿರುವುದು ಕೀರಲು ಸದ್ದಿನಲ್ಲಿ. ಸ್ವರಾಕ್ಷರಗಳ ಬಲವಿರುವುದು ಅದಕ್ಕಿಂತ ಕೆಳಗೆ. ಹೀಗಾಗಿ ವಯಸ್ಸಾದವರಿಗೆ ದನಿ ಮುಟ್ಟಿದರೂ ಅಕ್ಷರ ಮುಟ್ಟುವುದಿಲ್ಲ. ನಮ್ಮ ಅಜ್ಜನದು ಜಾಣಕಿವುಡೆಂದೇ ಮನೆಯವರೆಲ್ಲ ನಂಬಿದ್ದೆವು. ಊಟಕ್ಕೆ ಕುಳಿತಾಗ “ಸಾರು, ಅಜ್ಜ” ಎಂದರೆ ಅವರು “ಯಾರು?” ಎಂದು ಬಾಗಿಲ ಕಡೆ ನೋಡುತ್ತಿದ್ದರು. ಗಂಟಲು ಹರಿಯುವಂತೆ ಕೂಗಿದರೆ ಸಿಟ್ಟಾಗಿ, “ಕಿರುಚಬೇಡವೋ, ಕೇಳಿಸುತ್ತಿದೆ, ಏನಂದೆ, ಅದನ್ನು ಹೇಳು” ಎಂದು ಗದರುತ್ತಿದ್ದರು.